ವಿರುದ್ಧ, ಒಂದು ಕೈ

ಹೆಂಡತಿ ತೀರಿಕೊಂಡ ಮೇಲೆ ನಾನು ನಮ್ಮ ಬಿಲ್ಡಿಂಗಿನ ಲಿಫ್ಟಿನ ಮಾತನ್ನು ಗಮನವಿಟ್ಟು ಕೇಳತೊಡಗಿದ್ದೇನೆ. ಯಾರಾದರೂ ಅದರ ಜಾಲರಿ ಬಾಗಿಲನ್ನು ಪೂರ್ತಿ ಎಳೆಯದೆ ಹೋದರೆ, ಒಳಗಿನಿಂದ ಹೆಂಗಸೊಬ್ಬಳ ದನಿ, ದಯವಿಟ್ಟು ಬಾಗಿಲು ಮುಚ್ಚಿ ಎಂದು ಹಿಂದಿಯಲ್ಲಿ ಬೇಡಿಕೊಳ್ಳುತ್ತದೆ. ಮುಚ್ಚುವವರೆಗೂ ಬಿಡುವುದಿಲ್ಲ. ಮುಂಬಯಿಯ ಈ ಕಾಂದಿವಲಿಯಲ್ಲಿ ಇದೇನೂ ವಿಶೇಷವಲ್ಲ. ಆದರೆ ಈಚೆಗೆ ಮಧ್ಯಾಹ್ನದ ಹೊತ್ತು ಆ ದನಿ ನಮ್ಮ ನಾಲ್ಕನೇ ಮಾಳಿಗೆಯಿಂದಲೇ ಬರುತ್ತದೆ. ಎದ್ದು ಹೋಗಿ ನೋಡಿದರೆ ಬಾಗಿಲು ಒಂದು ಗೇಣು ತೆರೆದಿರುತ್ತದೆ. ಒಳಗೆ ಯಾರೂ ಇರುವುದಿಲ್ಲ.

ಹಾಗೆ ತೆರೆದು ಹಿಡಿಯುತ್ತಿದ್ದವಳು ನನ್ನ ಶಾಂತಾ. ನಮ್ಮ ಮನೆಯ ಪಾತ್ರೆ ತೊಳೆದು ಸವಿತಾಬಾಯಿ ಏಳನೇ ಮಾಳಿಗೆಗೆ ಹೋಗಬೇಕು. ಅವಳು ಕೈ ಒರೆಸಿಕೊಂಡು ಬರುವತನಕ ಶಾಂತಾ ಬಾಗಿಲಿಗೆ ಕಾಲು ಕೊಟ್ಟು ನಿಂತಿರುತ್ತಿದ್ದಳು. ಕೆಳಗಿನಿಂದ ಸೊಸೈಟಿಯ ಸೆಕ್ರೆಟರಿ ದೇಶಪಾಂಡೆ, "ಅರೇ, ಲಿಫ್ಟ್ ಛೋಡೋ!" ಎಂದು ಕೂಗುತ್ತಿದ್ದರು. ಇವಳು ಬಗ್ಗಿ, "ಬರ್ತದ, ತಡೀರಿ! ಲಿಫ್ಟ್ ಏನ್ ಓಡಿ ಹೋಗ್ತದೇನು?" ಎನ್ನುತ್ತಿದ್ದಳು. ದೇಶಪಾಂಡೆಯವರಿಗೆ ಕನ್ನಡ ಬಾರದು ಎಂಬುದನ್ನು ವಿಜಾಪುರದ ನನ್ನ ಹೆಂಡತಿ ಕೊನೆಯವರೆಗೂ ಒಪ್ಪಲಿಲ್ಲ.

ನಮ್ಮ ಸೊಸೈಟಿಯ ವಾರ್ಷಿಕ ಸಭೆ ಒಂದು ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ನಡೆಯುತ್ತದೆ. ಒಂದು ಮನೆಗೆ ಒಂದು ಮತ. ಮನೆ ಶಾಂತಾಳ ಹೆಸರಿನಲ್ಲಿದ್ದುದರಿಂದ ಮತ ಅವಳದು. ಕುರ್ಚಿ ಹೊರುವ ಕೆಲಸ ನನ್ನದು. ಗೇಟಿಗೆ ಬೀಗವಿರಲಿ, ತರಕಾರಿಯವನನ್ನು ಒಳಗೆ ಬಿಡದಿರುವುದಿರಲಿ, ಎಲ್ಲರ ಕೈ ಮೇಲೇಳುತ್ತಿತ್ತು. ಕೊನೆಗೆ ದೇಶಪಾಂಡೆ, "ವಿರುದ್ಧ?" ಎಂದರೆ ಶಾಂತಾಳದೊಂದೇ ಕೈ. ನಾನು ಆಗ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನಂತೆ ಬಗ್ಗುತ್ತಿದ್ದೆ.

"ಸೋಲೂದು ಗೊತ್ತಿದ್ದೂ ಯಾಕ ಎತ್ತತೀ?" ಎಂದು ಒಮ್ಮೆ ಕೇಳಿದೆ.

"ಗೆಲ್ಲಾಕಲ್ರೀ. ಎಲ್ಲಾರೂ ಹೂಂ ಅಂದ್ರು ಅಂತ ಅವ್ರು ತಿಳ್ಕೋಬಾರ್ದು, ಅದಕ್ಕ."

ಪ್ರಜಾಪ್ರಭುತ್ವ ಎಂದರೇನು ಎಂಬುದನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಅರ್ಥವಾದದ್ದು ಮಾತ್ರ ಫೋರ್ಟ್ ಪ್ರದೇಶದಲ್ಲಿ, ನನ್ನ ಆಫೀಸಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ. ಅದರ ಧಣಿ ದೇವರಂಥ ಮನುಷ್ಯ. ವಯಸ್ಸಾದಂತೆ ಅವರ ನಾಲಿಗೆಗೆ ಉಪ್ಪು ತಿಳಿಯದಾಯಿತು; ಸಾಂಬಾರಿಗೆ ಇನ್ನಷ್ಟು ಹಾಕಿಸತೊಡಗಿದರು. "ಹೇಳಬಾರದೇ?" ಎಂದು ನಾನು ಮಾಣಿಯನ್ನು ಕೇಳಿದರೆ, ಅವನು ನೀರಿನ ಲೋಟ ಇಡುತ್ತಾ, "ಧಣಿಗಳ ಹತ್ರ ಯಾರು ಹೇಳುವುದು ಮಾರಾಯ್ರೆ?" ಎಂದ. ನಾವು ಗಿರಾಕಿಗಳೂ ಹೇಳಲಿಲ್ಲ. ಒಬ್ಬೊಬ್ಬರಾಗಿ ಪಕ್ಕದ ಹೋಟೆಲಿಗೆ ಸರಿದೆವು. ಅವರು ಮಾತ್ರ ತಮ್ಮ ಸಾಂಬಾರಿನಂಥದ್ದು ಮುಂಬಯಿಯಲ್ಲೇ ಇಲ್ಲವೆಂದು ನಂಬಿ ಕಣ್ಣುಮುಚ್ಚಿದರು. ಎಷ್ಟೇ ಒಳ್ಳೆಯ ರಾಜನಾದರೂ ಅವನಿಗೆ ಇರುವುದು ಒಂದೇ ನಾಲಿಗೆ. ಬೇರೆ ನಾಲಿಗೆಗಳಿಗೂ ಜಾಗವಿಡುವ ರಾಜ್ಯವೇ ಲೇಸು, ಅದು ಎಷ್ಟು ಗದ್ದಲದ್ದಾದರೂ.

ಶಾಂತಾ ಹೋದ ಮೇಲಿನ ಮೊದಲ ಸಭೆಗೆ ಮತ ನನ್ನ ಹೆಸರಿಗೆ ಬಂದಿತ್ತು. ರೂಢಿಬಲದಿಂದ ಎರಡು ಕುರ್ಚಿ ಹೊತ್ತು ತಂದಿದ್ದೆ. ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅಂದಿನ ಠರಾವು, ಮನೆಗೆಲಸದವರೂ ಪಾರ್ಸೆಲ್ ತರುವವರೂ ಲಿಫ್ಟ್ ಹತ್ತಕೂಡದು ಎಂದು. ಕೈಗಳೆಲ್ಲ ಎದ್ದವು. ನನ್ನದು ಏಳಲಿಲ್ಲ, ಅಷ್ಟೇ. "ವಿರುದ್ಧ?" ಎಂದು ಕೇಳಿದಾಗಲೂ ಏಳಲಿಲ್ಲ. ನನ್ನ ಕಣ್ಣು ಚಪ್ಪಲಿಯ ಮೇಲಿತ್ತು.

"ವಿರುದ್ಧ... ಏಕ್," ಎಂದರು ದೇಶಪಾಂಡೆ, ತಲೆಯೆತ್ತದೆ.

ಯಾರೂ ಕೈ ಎತ್ತಿರಲಿಲ್ಲ. ಎಷ್ಟು ವರ್ಷಗಳ ಅಭ್ಯಾಸವೋ, ಅವರ ಬಾಯಿ ತಾನಾಗಿ ಎಣಿಸಿತ್ತು. ತಲೆಯೆತ್ತಿ ನೋಡಿದವರ ಕಣ್ಣು ಖಾಲಿ ಕುರ್ಚಿಯ ಮೇಲೆ ನಿಂತಿತು. ಆಗಲೇ ಮೇಲಿನಿಂದ ಆ ದನಿ ಶುರುವಾಯಿತು: ದಯವಿಟ್ಟು ಬಾಗಿಲು ಮುಚ್ಚಿ. ಲಿಫ್ಟಿನ ಬೋರ್ಡಿನಲ್ಲಿ ನಾಲ್ಕರ ದೀಪ ಉರಿಯುತ್ತಿತ್ತು. ನಾಲ್ಕನೇ ಮಾಳಿಗೆಯವರೆಲ್ಲ ಕೆಳಗೇ ಇದ್ದೆವು.

"ಹವಾ ಹೋಗೀ," ಎಂದರು ಯಾರೋ. ಗಾಳಿಯಂತೆ! ಆ ಜಾಲರಿ ಬಾಗಿಲನ್ನು ಎಳೆಯಲು ನನಗೇ ಎರಡು ಕೈ ಬೇಕು.

ಲೋಕಲ್ ಹಿಡಿಯಲು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಶಾಂತಾ ನನ್ನ ಮೊಣಕೈ ಹಿಡಿದು ಮೇಲಕ್ಕೆತ್ತುತ್ತಿದ್ದಳು. ಈಗ ಅದೇ ಜಾಗ ತಣ್ಣಗಾಯಿತು. ಧೈರ್ಯ ಬಂತು ಎಂದರೆ ಸುಳ್ಳಾದೀತು; ಕೈ ಎದ್ದಿತು. ದೇಶಪಾಂಡೆ ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಮೆಲ್ಲಗೆ, "ದೋನ್," ಎಂದು ಎರಡನ್ನೂ ಎಣಿಸಿದರು. ಒಂದು ಮನೆಗೆ ಒಂದೇ ಮತ ಎಂದು ಯಾರೂ ತಕರಾರು ತೆಗೆಯಲಿಲ್ಲ.

ಠರಾವು ಪಾಸಾಯಿತು. ಸವಿತಾಬಾಯಿ ಈಗ ಮೆಟ್ಟಿಲು ಹತ್ತುತ್ತಾಳೆ. ಮಂಡಿನೋವಿನ ನಾನೂ ಜೊತೆಗೆ ಹತ್ತುತ್ತೇನೆ. "ಕಾಕಾ, ನಿಮಗೆ ಲಿಫ್ಟ್ ಇದೆಯಲ್ಲ?" ಎಂದು ಅವಳು ಮರಾಠಿಯಲ್ಲಿ ಬೈಯುತ್ತಾಳೆ. ಮುಂದಿನ ಸಭೆಯಲ್ಲಿ ಮತ್ತೆ ಕೇಳೋಣ ಎನ್ನುತ್ತೇನೆ. ರಾಜಾಜ್ಞೆಯಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಸೋತ ಮಾತಿಗೆ ಸಾವಿಲ್ಲ. ವರ್ಷಕ್ಕೊಮ್ಮೆ ಎದ್ದು ಕೂರುತ್ತದೆ.

ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತಿರುವಾಗ ಮೇಲಿನಿಂದ ಆ ದನಿ ಶುರುವಾಗುತ್ತದೆ. ಸವಿತಾ ಸೆರಗು ಬಿಗಿದುಕೊಂಡು ನನ್ನ ಮುಖ ನೋಡುತ್ತಾಳೆ. ಕೆಳಗಿನಿಂದ ದೇಶಪಾಂಡೆ, "ಲಿಫ್ಟ್ ಛೋಡೋ!" ಎಂದು ಕೂಗುತ್ತಾರೆ. ನಾನು ಬಗ್ಗಿ, "ಬರ್ತದ, ತಡೀರಿ!" ಎನ್ನುತ್ತೇನೆ.

ಅವರು ಮತ್ತೆ ಕೂಗುವುದಿಲ್ಲ. ಅವರಿಗೂ ಈಗ ಕನ್ನಡ ತಿಳಿಯತೊಡಗಿರಬೇಕು.