ಕತ್ತರಿಯ ಜೊತೆ ಹೋದ ಪೆಟ್ಟಿಗೆ

ಆಫೀಸಿನಲ್ಲಿ ಅವರಿಗೆ ಪೇಜು ಮೇಷ್ಟ್ರು ಎಂದು ಹೆಸರು. ಪಾಠ ಹೇಳಿದವರಲ್ಲ. ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನೆಲ್‌ನಲ್ಲಿ, ಮೆಮೊರಿಯನ್ನು ಪೇಜು ಪೇಜಾಗಿ ಪ್ರೋಗ್ರಾಮುಗಳಿಗೆ ಹಂಚುವ ಭಾಗವನ್ನು ಹದಿನೆಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದವರು. ಕ್ಯಾಂಟೀನಿನಲ್ಲಿ ಯಾರಾದರೂ ಅಪ್ಪಿತಪ್ಪಿ "ಏನ್ ಸಮಾಚಾರ?" ಎಂದರೆ ಮುಗಿಯಿತು, ಕೇಳಿದವರ ಟೀ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ.

"ನಾಲ್ಕು ಕೆಬಿ ಪೇಜು ಐನೂರ ಹನ್ನೆರಡು ಕೊಟ್ಟು, ಅಷ್ಟಕ್ಕೂ ವಿಳಾಸ ಬರ್ಕೊಳ್ಳೋ ಬದಲು, ಎರಡು ಎಂಬಿದು ಒಂದೇ ದೊಡ್ಡ ಪೇಜು ಕೊಟ್ಬಿಟ್ರೆ? ಒಂದೇ ವಿಳಾಸ. ಹುಡುಕೋ ಗೋಳೇ ಇಲ್ಲ!"

ಪ್ರೋಗ್ರಾಮುಗಳು ಇಂಥ ದೊಡ್ಡ ಪೇಜು ಕೇಳಿ ಪಡೆಯಲು, ಬೇಡವಾದಾಗ ಹಿಂದಿರುಗಿಸಲು ಅವರು ಬರೆದ ಕೋಡನ್ನು ತಪಾಸಣೆಯ ಹಿರಿಯ ಮೇಡಂ ಎರಡು ಸಲ ವಾಪಸ್ ಕಳಿಸಿದ್ದರು. ಎರಡೂ ಸಲ ಒಂದೇ ಸಾಲು: "ಪೇಜಿನಲ್ಲಿ ಚೂರು ಮಾತ್ರ ಹಿಂದಿರುಗಿಸಿದರೆ?"

"ಚೂರು ಯಾರ್ರೀ ಹಿಂದೆ ಕೊಡ್ತಾರೆ?" ಎಂದು ಮೇಷ್ಟ್ರು ಮೂಗು ಮುರಿದರು. ಶುಕ್ರವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮ. ಬೇರೆ ಯಾರಾದರೂ ಆಗಿದ್ದರೆ ಕೋಡು ತೆರೆದು ನೋಡುತ್ತಿದ್ದರು. ಇವರು ಭಾನುವಾರ ಮನೆ ಜೋಡಿಸಲು ಕೂತರು.

ಹೆಂಡತಿ ಹೊಲಿಗೆ ಕೆಲಸದವರು. ಗುಂಡಿ, ಲೇಸು, ನೂಲುಂಡೆ ಅಂತ ಅರವತ್ತು ಡಬ್ಬಗಳಿದ್ದವು. ಮೇಷ್ಟ್ರು ಎಲ್ಲವನ್ನೂ ಎರಡು ದೊಡ್ಡ ತಗಡಿನ ಪೆಟ್ಟಿಗೆಗಳಿಗೆ ಸುರಿದು, ಒಂದು, ಎರಡು ಎಂದು ಒಂದೊಂದಕ್ಕೆ ಒಂದೊಂದೇ ಚೀಟಿ ಅಂಟಿಸಿ ಕೈ ಕೊಡವಿಕೊಂಡರು.

ಬುಧವಾರ ಬೆಳಿಗ್ಗೆ ಹೆಂಡತಿ ಮೆಷಿನ್ ತುಳಿಯುತ್ತಲೇ ಕೂಗಿದರು. "ರೀ, ಒಂದನೇ ಪೆಟ್ಟಿಗೇಲಿ ಮುರಿದ ಕತ್ತರಿ ಇದೆ. ಗುಜರಿಯವ್ನಿಗೆ ಕೊಟ್ಬಿಡಿ."

ಕೊಟ್ಟರು. ಪೆಟ್ಟಿಗೆ ಸಮೇತ.

ಹತ್ತೇ ನಿಮಿಷದಲ್ಲಿ ಆಕೆಗೆ ಅಳತೆ ಪುಸ್ತಕ ಬೇಕಾಯಿತು. ಇಪ್ಪತ್ತು ವರ್ಷಗಳಿಂದ ಬಂದ ಗಿರಾಕಿಗಳ ತೋಳು, ಸೊಂಟ, ಕುತ್ತಿಗೆಯೆಲ್ಲ ಅದರಲ್ಲಿತ್ತು. ಅದು ಒಂದನೇ ಪೆಟ್ಟಿಗೆಯಲ್ಲಿತ್ತು.

"ಕತ್ತರಿ ಕೊಡಿ ಅಂದ್ರೆ ಪೆಟ್ಟಿಗೇನೇ ಕೊಟ್ರಾ?"

"ಚೀಟಿ ಇದ್ದಿದ್ದು ಪೆಟ್ಟಿಗೆಗೆ ತಾನೇ..."

"ಚೂರು ಮಾತ್ರ ಕೊಡೋಕಾಗಲ್ಲ ಅಂದ್ರೆ, ಆಗಲ್ಲ ಅಂತ ಬಾಯ್ಬಿಟ್ಟು ಹೇಳ್ಬೇಕು! ತೆಪ್ಪಗೆ ಎಲ್ಲಾ ಎತ್ತಿ ಕೊಟ್ಬಿಡೋದಾ?"

ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು. ಅವರ ಕೋಡು ಮಾಡುತ್ತಿದ್ದುದೂ ಇದನ್ನೇ. ಪ್ರೋಗ್ರಾಮು ನಾಲ್ಕು ಕೆಬಿ ಹಿಂದಿರುಗಿಸಿದರೆ, ಸದ್ದಿಲ್ಲದೆ ಎರಡು ಎಂಬಿಯನ್ನೂ ಕಿತ್ತುಕೊಳ್ಳುತ್ತಿತ್ತು. ಒಳಗೆ ಯಾರ ಬದುಕು ಇದ್ದರೂ ಅದಕ್ಕೆ ಲಕ್ಷ್ಯವಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಎದ್ದೆನೋ ಬಿದ್ದೆನೋ ಎಂದು ಗುಜರಿ ಅಂಗಡಿಗೆ ಓಡಿದರು. ಅಂಗಡಿಯವನು ಪೆಟ್ಟಿಗೆಯ ಮೇಲೇ ಕೂತಿದ್ದ. ಅಳತೆ ಪುಸ್ತಕದ ಕಥೆ ಕೇಳಿ, "ಪೂರ್ತಿ ಪೆಟ್ಟಿಗೆ ಬೇಕಾ ಸಾರ್, ಇಲ್ಲಾ ಪುಸ್ತಕ ಒಂದೇ ಸಾಕಾ?" ಎಂದು ಕೇಳಿದ. ಕೇಳಬೇಕೆನ್ನುವ ಬುದ್ಧಿ ಅವನಿಗೂ ಇತ್ತು. ಮೇಷ್ಟ್ರು ಪೂರ್ತಿ ಪೆಟ್ಟಿಗೆಯನ್ನೇ ಹೊತ್ತು ತಂದರು.

ಗುರುವಾರ ಮೇಷ್ಟ್ರು ಕೋಡಿಗೆ ನಾಲ್ಕು ಸಾಲು ಸೇರಿಸಿದರು: ಇಡೀ ಪೇಜಿನ ಅಳತೆಗೆ ಹೊಂದದಷ್ಟು ಹಿಂದಿರುಗಿಸಲು ಬಂದರೆ ಏನನ್ನೂ ಮುಟ್ಟದೆ, ಆಗದು ಎಂದು ತಿಳಿಸು. ಕರ್ನೆಲ್ ಬರೆಯುವವರಲ್ಲಿ ಒಂದು ಪದ್ಧತಿಯಿದೆ. ತಪ್ಪು ತೋರಿಸಿಕೊಟ್ಟವರ ಹೆಸರನ್ನು ಬದಲಾವಣೆಯ ಕೆಳಗೆ ಬರೆಯಬೇಕು. ಮೇಷ್ಟ್ರು ಮೇಡಂ ಹೆಸರು ಬರೆದರು. ಸ್ವಲ್ಪ ಹೊತ್ತು ಯೋಚಿಸಿ, ಅದಕ್ಕೂ ಮೇಲೆ ಹೆಂಡತಿಯ ಹೆಸರು ಬರೆದರು.

ಶುಕ್ರವಾರ ಒಪ್ಪಿಗೆ ಬಂತು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿ, ಲ್ಯಾಪ್‌ಟಾಪನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು ಆಕೆಯ ಹೆಸರಿದ್ದ ಸಾಲು ತೋರಿಸಿದರು.

ಆಕೆ ಕನ್ನಡಕ ಏರಿಸಿ ಎರಡು ಸಲ ಓದಿದರು. ಮುಖ ಅರಳಿತು. ಆಮೇಲೆ ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು: "ಇಪ್ಪತ್ತಾರು ವರ್ಷದಿಂದ ನಿಮ್ಮ ತಪ್ಪು ತೋರಿಸ್ತಾನೇ ಇದ್ದೀನಿ. ಬರ್ಕೊಂಡಿದ್ದು ಇದೊಂದೇನಾ?"