ಪಾಸ್‌ವರ್ಡ್ ಕೇಳುವ ಮೀನಿನ ಶೀಟು

ಕುಂದಾಪುರದ ಒಂದು ಮೀನು ವ್ಯಾಪಾರದ ಕಚೇರಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಬ್ರಹ್ಮಾವರದಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೇರಳ, ಗೋವಾದ ಕಡೆಯ ವ್ಯಾಪಾರಿಗಳು ಫೋನ್ ಮಾಡಿದರೆ ಯಾವ ಮೀನು ಎಷ್ಟಿದೆ ಎಂದು ಕಂಪ್ಯೂಟರ್ ನೋಡಿ ಹೇಳುವುದು ನನ್ನ ಕೆಲಸ.

ನಮ್ಮ ಸಾವ್ಕಾರರು ಮೀನುಗಾರರ ಮನೆಯಲ್ಲಿ ಹುಟ್ಟಿ, ಪ್ರಾಯದಲ್ಲಿ ಮುಂಬೈಗೆ ಹೋಗಿ, ಅಲ್ಲಿ ದುಡಿದು ಬಂದವರು. ಬೀಗ ಎಂದರೆ ಅವರಿಗೆ ಪ್ರಾಣ. ಕಚೇರಿಯ ಹಳೆಯ ಫೋನಿಗೂ ಒಂದು ಪುಟ್ಟ ಬೀಗ ಹಾಕಿದ್ದರು. ಬೈಂದೂರಿನ ಒಬ್ಬ ಹುಡುಗ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ. ಪಕ್ಕದ ಕೋಣೆಯಲ್ಲಿ ಗುಮಾಸ್ತರು ಬಂದರುಗಳ ಲೆಕ್ಕವನ್ನು ಡೇಟಾಬೇಸಿಗೆ ತುಂಬುತ್ತಿದ್ದರು. ನನ್ನ ಎಕ್ಸೆಲ್ ಶೀಟು ತೆರೆದರೆ ಆ ಲೆಕ್ಕವೆಲ್ಲ ತಾನಾಗಿ ಬಂದು ಕೂರಬೇಕಿತ್ತು. ಕೂರುತ್ತಲೂ ಇತ್ತು, ಪಾಸ್‌ವರ್ಡ್ ಕೊಟ್ಟ ಮೇಲೆ. ಅದು ಗೊತ್ತಿದ್ದದ್ದು ಸಾವ್ಕಾರರಿಗೆ ಮಾತ್ರ.

ಅವರು ಬಂದು ಹೆಗಲ ಮೇಲಿನ ಬೈರಾಸನ್ನು ಕೀಬೋರ್ಡಿನ ಮೇಲೆ ಹರಡುತ್ತಿದ್ದರು. ನನಗೆ "ಆಚೆ ಕಾಣ್" ಎನ್ನುತ್ತಿದ್ದರು. ಆಮೇಲೆ ಬಟ್ಟೆಯೊಳಗೆ ತಲೆ ಹಾಕಿ, ಒಂದೇ ಬೆರಳಿನಲ್ಲಿ ಒತ್ತುತ್ತಾ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಬಿ, ಎ, ಎನ್, ಜಿ, ಡಿ, ಇ. ಮೊದಲ ದಿನವೇ ನನಗೆ ಗೊತ್ತಾಯಿತು. ಬಾಗಿಲಲ್ಲಿ ಕಾಯುತ್ತಿದ್ದ ಐಸ್ ಲಾರಿಯ ಡ್ರೈವರಿಗೂ ಗೊತ್ತಾಯಿತು. ಅವರ ಮುಖದ ಗಾಂಭೀರ್ಯ ನೋಡಿದ ಮೇಲೆ ನಾವು ಯಾರೂ ಬಾಯಿ ಬಿಡಲಿಲ್ಲ.

ಶೀಟು ಒಂದು ಸಲ ಕೇಳಿ ಸುಮ್ಮನಾಗಿದ್ದರೆ ಸರಿ. ಒಂದೊಂದು ಬಂದರಿಗೂ ಬೇರೆ ಬೇರೆ ಪಟ್ಟಿ ಇದ್ದದ್ದರಿಂದ ಅದು ಪ್ರತಿಯೊಂದಕ್ಕೂ ಕೇಳುತ್ತಿತ್ತು. ಸಾಲದ್ದಕ್ಕೆ "ಲೆಕ್ಕ ತಾಜಾ ಇರ್ಕ್" ಎಂದು ಸಾವ್ಕಾರರೇ ಹಟ ಹಿಡಿದು, ಶೀಟು ಆಗಾಗ ತಾನೇ ಹೊಸದಾಗುವಂತೆ ಮಾಡಿಸಿದ್ದರು. ಹೊಸದಾಗುವಾಗಲೆಲ್ಲ ಮತ್ತೆ ಪಾಸ್‌ವರ್ಡ್. ಅವರ ಮನೆ ಕಚೇರಿಯ ಮಹಡಿಯಲ್ಲೇ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಕರೆದರೆ ಅವರು ಅರ್ಧ ಶೇವಿಂಗಿನಲ್ಲಿ, ಕೈಯಲ್ಲಿ ಅನ್ನ ಅಂಟಿಸಿಕೊಂಡು, ಒಮ್ಮೆ ತಲೆಗೆ ಎಣ್ಣೆ ಸುರಿದುಕೊಂಡೇ ಇಳಿದು ಬಂದದ್ದುಂಟು. ಕೀಬೋರ್ಡಿಗೆ ಮೀನು ಸಾರಿನ ವಾಸನೆ ಖಾಯಂ ಆಗಿತ್ತು.

ಒಂದು ದಿನ ಬೈಂದೂರಿನಲ್ಲಿ ಅವರ ನೆಂಟರ ಮದುವೆ. ಗುಮಾಸ್ತರು ಬೆಳಗಿನ ಲೆಕ್ಕ ತುಂಬಿಸಿ ತಾವೂ ಹೋಗಿದ್ದರು. ಊಟದ ಹೊತ್ತಿಗೆ ಕೇರಳದ ವ್ಯಾಪಾರಿ ಫೋನ್ ಮಾಡಿ ಅಂಜಲ್ ಎಷ್ಟಿದೆ ಎಂದ. ಶೀಟು ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ನನಗೆ ಅದು ಗೊತ್ತು. ಆದರೆ ಗೊತ್ತು ಎಂದು ಹೇಳುವುದು ಹೇಗೆ? ಸಾವ್ಕಾರರ ಮೊಬೈಲಿಗೆ ಫೋನ್ ಮಾಡಿದೆ.

"ಫೋನಂಗೆ ಹೇಳುಕಾತಿಲ್ಲೆ. ಬತ್ತೆ," ಎಂದರು.

ಬಂದೇಬಿಟ್ಟರು. ಕಾರಿನಲ್ಲಿ ರೇಷ್ಮೆ ಸೀರೆ ಉಟ್ಟ ಅವರ ಹೆಂಡತಿಯೂ ಇದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಪಾಯಸ ಬಡಿಸುವ ಮೊದಲೇ ಎಬ್ಬಿಸಿಕೊಂಡು ಬಂದಿದ್ದರಂತೆ. ಸಾವ್ಕಾರರು ಬೈರಾಸು ಹರಡಿ ಒತ್ತಿದರು. ನಾನು ವ್ಯಾಪಾರಿಗೆ ಲೆಕ್ಕ ಹೇಳಿದೆ. ಅವರು ಹೊರಟು ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ವ್ಯಾಪಾರಿ ಮತ್ತೆ ಫೋನ್ ಮಾಡಿ ಬೊಂಡಾಸ್ ಎಷ್ಟಿದೆ ಎಂದ. ಶೀಟು ಮತ್ತೆ ಕೇಳಿತು.

ಈ ಸಲ ಅವರ ಹಿಂದೆಯೇ ಅಕ್ಕನೂ ಇಳಿದು ಬಂದು ಬಾಗಿಲಲ್ಲಿ ನಿಂತರು. ಬೈರಾಸಿನೊಳಗಿಂದ ಅಕ್ಷರಗಳು ಒಂದೊಂದಾಗಿ ಹೊರಬಂದವು.

"ನನ್ ಹೆಸ್ರ್ ಇಟ್ಟಿದ್ದೆ ಅಂದಿದ್ರಿ ಅಲ್ದಾ? ನನ್ ಹೆಸ್ರ್ ಬಿ-ಯಿಂದ ಸುರು ಆತ್ತಾ?" ಎಂದು ಅಕ್ಕ ಕೇಳಿದರು.

ಸಾವ್ಕಾರರು ಬೈರಾಸಿನಿಂದ ತಲೆ ತೆಗೆಯಲೇ ಇಲ್ಲ. "ಬಂಗ್ಡೆ ಅಂದ್ರೆ ಯಾರಿಗೂ ಸಂಶಯ ಬತ್ತಿಲ್ಲೆ ಅಂದೇಳಿ ಇಟ್ಟದ್," ಎಂದರು.

"ಮೀನಿನ ವ್ಯಾಪಾರದಂಗೆ ಬಂಗ್ಡೆ ಅಂದ್ರೆ ಸಂಶಯ ಬತ್ತಿಲ್ಲೆಯಾ?"

ನಾನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಅಕ್ಕ ಬೆಂಚಿನ ಮೇಲೆ ಕುಳಿತರು. "ಆ ಹುಡ್ಗನ್ನ ಕರ್ಸಿ. ಅಂವ ಬಪ್ಪಲ್ಲಿವರೆಗೆ ನಾನ್ ಏಳುದಿಲ್ಲೆ."

ಹುಡುಗ ಅದೇ ಮದುವೆಯಲ್ಲಿ ಉಣ್ಣುತ್ತಿದ್ದ. ಬೈಕಿನಲ್ಲಿ ಬಂದ. ಅವನು ಪಾಯಸ ಕುಡಿದೇ ಬಂದಿದ್ದಾನೆ ಎಂದು ತಿಳಿದಾಗ ಅಕ್ಕನ ಸಿಟ್ಟು ಇನ್ನಷ್ಟು ಏರಿತು.

"ಪಾಸ್‌ವರ್ಡ್ ಶೀಟಂಗೇ ಉಳ್ಸಿರೆ ಮತ್ತೆ ಕೇಂತಿಲ್ಲೆ," ಎಂದ ಹುಡುಗ. "ಆದ್ರೆ ಫೈಲ್ ಸಿಕ್ಕಿದವ್ರಿಗೆ ಅದೂ ಸಿಕ್ಕುತ್ತ್. ನಿಮ್ ಪಾಸ್‌ವರ್ಡಂಗೆ ಲೆಕ್ಕ ಎಲ್ಲ ಅಳ್ಸುಕೂ ಆತ್ತ್. ಅದ್ಕೆ ಡೇಟಾಬೇಸಂಗೆ ಬೇರೆ ಒಬ್ಬನ್ನ ಮಾಡುವ. ಅಂವ ಕಾಂಬುದ್ ಮಾತ್ರ, ಎಂತದೂ ಮುಟ್ಟುಕಿಲ್ಲೆ. ಅವನ ಪಾಸ್‌ವರ್ಡ್ ಉಳ್ಸುವ."

"ಅಂವ ಯಾರ್?" ಎಂದು ಸಾವ್ಕಾರರು ಸಂಶಯದಿಂದ ಕೇಳಿದರು.

"ಯಾರೂ ಅಲ್ಲ. ಬರೀ ಒಂದ್ ಹೆಸ್ರ್."

"ನಮ್ಮ ಊರಿನವ್ನಾ?"

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆ ಇಲ್ಲದ ಮನುಷ್ಯನಿಗೆ ಕೀಬೋರ್ಡು, ಕುರ್ಚಿ ಯಾವುದೂ ಬೇಡ ಎಂದು ಖಾತ್ರಿಯಾದ ಮೇಲೆಯೇ ಸಾವ್ಕಾರರು ಒಪ್ಪಿದ್ದು. ಹೊಸ ಪಾಸ್‌ವರ್ಡನ್ನು ಅಕ್ಕನೇ ಒತ್ತಿದರು, ತುಟಿ ಬಿಗಿಹಿಡಿದು. ಅದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗ ಬಂಗ್ಡೆಯನ್ನೂ ಬದಲಾಯಿಸಿಹೋದ.

ಮರುದಿನದಿಂದ ಶೀಟು ಏನೂ ಕೇಳದೆ ತೆರೆದುಕೊಂಡಿತು. ಸಾವ್ಕಾರರಿಗೆ ಸಮಾಧಾನವಾಗಲಿಲ್ಲ. ಮತ್ತೆ ಮತ್ತೆ ಮೆಟ್ಟಿಲಿಳಿದು ಬಂದು, "ಎಂತದೂ ಕೇಂಡಿಲ್ಲೆಯಾ?" ಎನ್ನುತ್ತಿದ್ದರು. ಇಲ್ಲ ಎಂದರೆ ಸ್ವಲ್ಪ ಹೊತ್ತು ನಿಂತು, ಪರದೆಯನ್ನೇ ನೋಡಿ ವಾಪಸ್ ಹೋಗುತ್ತಿದ್ದರು. ಅವರನ್ನು ಕಂಡು ನನಗೆ ಪಾಪ ಅನ್ನಿಸುತ್ತಿತ್ತು.

ಕೊನೆಗೆ ಅವರು ಎಷ್ಟೋ ವರ್ಷ ಬಿಟ್ಟಿದ್ದ ಅಭ್ಯಾಸವನ್ನು ಮತ್ತೆ ಹಿಡಿದರು. ಬೆಳಿಗ್ಗೆ ಎದ್ದು ಬಂದರಿಗೆ ಹೋಗತೊಡಗಿದರು. ದೋಣಿಗಳು ಒಳಗೆ ಬರುತ್ತಿರುವಾಗಲೇ ಅಲ್ಲಿಂದ ನನಗೆ ಫೋನ್ ಬರುತ್ತಿತ್ತು. ಹಿಂದೆ ಗಾಳಿಯ ಸದ್ದು, ಹೆಂಗಸರು ಚೌಕಾಶಿ ಮಾಡುವ ಗಲಾಟೆ.

"ಹ್ವಾಯ್, ಬೂತಾಯಿ ಲಾಯ್ಕ್ ಬಂದಿತ್ತ್ ಕಾಣ್. ನಿನ್ ಶೀಟಿಗೆ ಗೊತ್ತಾಯ್ತಾ?"

"ಇನ್ನೂ ಇಲ್ಲೆ, ಸಾವ್ಕಾರ್ರೆ," ಎನ್ನುತ್ತಿದ್ದೆ. ಅವರು ಬಹಳ ಹೊತ್ತು ನಗುತ್ತಿದ್ದರು.