ಒಂದೇ ಸಲ ಕೇಳಿದ್ದೆ

ಬೆಳಿಗ್ಗೆ ಒಂಬತ್ತೂವರೆಗೆ ನಾನು ಚಪ್ಪಲಿ ಎಣಿಸುತ್ತೇನೆ. ಹಾಲ್‌ನ ಬಾಗಿಲ ಬಳಿ ಹನ್ನೊಂದು ಜೊತೆ ಇರಬೇಕು. ಇದ್ದರೆ ಉಸಿರು ಬಿಡುತ್ತೇನೆ. ಹತ್ತೇ ಇದ್ದರೆ ಯಾರದು ಇಲ್ಲ ಎಂದು ಒಳಗೆ ಓಡುತ್ತೇನೆ. ಹನ್ನೆರಡಿದ್ದರೂ ಸಮಾಧಾನವಿಲ್ಲ, ನನ್ನದನ್ನೂ ಸೇರಿಸಿಬಿಟ್ಟೆನೇನೋ ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಮೂವತ್ತು ವರ್ಷ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಟೀಚರಾಗಿದ್ದವಳು ನಾನು. ಪಿಕ್ನಿಕ್ಕಿಗೆಂದು ಮಕ್ಕಳನ್ನು ಲೋಕಲ್ ರೈಲು ಹತ್ತಿಸಿ ಇಳಿಸಿ, ತಲೆ ಎಣಿಸಿ ಎಣಿಸಿ ಅಂಟಿದ ಚಟ ಇದು. ನಿವೃತ್ತಿಯಾದರೂ ಬಿಟ್ಟಿಲ್ಲ.

ಎಣಿಸುವುದು ಈಗ ಮಕ್ಕಳನ್ನಲ್ಲ, ಎಪ್ಪತ್ತು ಎಂಬತ್ತು ದಾಟಿದವರನ್ನು. ಚೆಂಬೂರಿನ ನಮ್ಮ ಕಾಲೊನಿಯ ಹಾಲ್‌ನಲ್ಲಿ ಹಿರಿಯರಿಗೆಂದು ಒಂದು ಹಗಲುಮನೆ ನಡೆಸುತ್ತೇನೆ. ಮನೆಯವರು ಕೆಲಸಕ್ಕೆ ಹೋಗುವಾಗ ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ನಡುವೆ ಊಟ, ಚಹಾ, ಹರಟೆ, ಒಂದಿಷ್ಟು ಜಗಳ. ಇದು ಶುರುವಾದದ್ದು ಒಂದು ಬೀಗದಿಂದ.

ಪಕ್ಕದ ಬಿಲ್ಡಿಂಗಿನ ಮೇಲಿನ ಮಹಡಿಗೆ ಮದುವೆಯ ಕರೆಯೋಲೆ ಕೊಡಲು ಹೋಗಿದ್ದೆ. ಮೂರನೆಯ ಮಹಡಿಯಲ್ಲಿ ಕಬ್ಬಿಣದ ಕಂಬಿಯ ಜಾಳಿ ಬಾಗಿಲಿನ ಹಿಂದಿನಿಂದ ಒಂದು ದನಿ ಕೇಳಿತು. "ಟೈಮ್ ಎಷ್ಟಾತ್ರೀ?" ಹನ್ನೊಂದೂಕಾಲು ಎಂದೆ. ಕರೆಯೋಲೆ ಕೊಟ್ಟು ಇಳಿದು ಬರುವಾಗ ಮತ್ತೆ ಅದೇ ದನಿ. "ಈಗ ಎಷ್ಟಾತ್ರೀ?" ಒಳಗಿನ ಗೋಡೆಯ ಮೇಲೆ ಗಡಿಯಾರ ಓಡುತ್ತಿರುವುದು ನನಗೆ ಹೊರಗಿನಿಂದಲೇ ಕಾಣುತ್ತಿತ್ತು. ಜಾಳಿ ಬಾಗಿಲಿಗೆ ಹೊರಗಡೆಯಿಂದ ಬೀಗ ಹಾಕಿತ್ತು.

ವಿಜಯಪುರದ ಕಡೆಯ ಅಜ್ಜಿ ಅವರು. ಮಗನದು ಊರೂರು ತಿರುಗುವ ಕೆಲಸ, ತಿಂಗಳಲ್ಲಿ ಒಂದು ವಾರ ಮನೆಯಲ್ಲಿದ್ದರೆ ಹೆಚ್ಚು. ಸೊಸೆಗೆ ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ. ಅಜ್ಜಿ ಒಮ್ಮೆ ಗ್ಯಾಸಿನ ಮೇಲೆ ಹಾಲಿಟ್ಟು ನಿದ್ದೆ ಹೋಗಿದ್ದರು. ಇನ್ನೊಮ್ಮೆ ಕೆಳಗಿಳಿದು ದಾರಿ ತಪ್ಪಿ, ಯಾರೋ ರಿಕ್ಷಾದವನು ಕರೆತಂದು ಬಿಟ್ಟಿದ್ದ. ಅಂದಿನಿಂದ ಬೀಗ. ಬೈಯೋಣವೆಂದೇ ಸೊಸೆಯನ್ನು ಹುಡುಕಿಕೊಂಡು ಹೋಗಿದ್ದೆ. ಅವಳು ನನ್ನ ಮುಖ ನೋಡಿ, "ಮ್ಯಾಡಂ, ಮೈ ಕ್ಯಾ ಕರೂಂ? ನೌಕ್ರಿ ಬಿಡ್ಲಾ?" ಎಂದಳು. ಮುಂಬಯಿಯಲ್ಲೇ ಬೆಳೆದ ಹುಡುಗಿ, ಅವಳ ಕನ್ನಡಕ್ಕೆ ಹಿಂದಿಯ ಒಗ್ಗರಣೆ ಬಿದ್ದೇ ಬೀಳುತ್ತದೆ. ಅದಕ್ಕೆ ಉತ್ತರ ಹುಡುಕುತ್ತ ಹೋಗಿ ಕಾಲೊನಿಯ ಸೆಕ್ರೆಟರಿಯ ಮನೆ ಬಾಗಿಲು ತಟ್ಟಿದೆ. ಅವರು ಹಾಲ್ ಕೊಟ್ಟರು, ನಡೆಯುತ್ತದೋ ನೋಡೋಣವೆಂದು ಮೂರು ತಿಂಗಳಿಗೆ. ಕೊಡುವಾಗಲೇ, "ಏನರ ಹೆಚ್ಚುಕಡಿಮಿ ಆತಂದ್ರ ಮರುದಿನಾನ ಬಂದ್ ಮತ್ತ" ಎಂದು ಹೇಳಿಯೂಬಿಟ್ಟರು.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಬಚ್ಚಲಿನ ನೆಲ ಒದ್ದೆಯಾದರೆ ಭಯ, ಯಾರಾದರೂ ಕೆಮ್ಮಿದರೆ ಭಯ, ಯಾರಾದರೂ ಬಹಳ ಹೊತ್ತು ಕೆಮ್ಮದೆ ಸುಮ್ಮನೆ ಕೂತರೆ ಇನ್ನೂ ಭಯ. ನಮ್ಮ ಅಡಿಗೆಯವರು ಉಡುಪಿಯ ಕಡೆಯವರು, ನನ್ನ ವಾರಿಗೆಯವರೇ. "ನೀವು ಹೀಗೆ ಗಾಬರಿ ಬೀಳುದಾದ್ರೆ ಮೊದಲು ನಿಮ್ಮನ್ನೇ ಇಲ್ಲಿ ಭರ್ತಿ ಮಾಡ್ಬೇಕಾಗ್ತದೆ ಮಾರಾಯ್ರೆ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಬಂದವರಿಗೆ ಇದು ಆಸ್ಪತ್ರೆ ಅನ್ನಿಸಬಾರದು ಎಂಬುದು ನನ್ನ ಹಟ. ಬಾಗಿಲಲ್ಲೇ ಬೆಲ್ಲ ನೀರು ಕೊಡುತ್ತಿದ್ದೆವು. ಫ್ಯಾನಿನ ಕೆಳಗೆ ಕುರ್ಚಿ, ಬೆನ್ನಿಗೆ ದಿಂಬು. ಅಜ್ಜಿ ಬಂದ ಮೊದಲ ದಿನ ಕೂತು ಕೂತು ಬೇಸರವಾಗಿ, ಸೋಸಲೆಂದು ಮೆಂತೆ ಸೊಪ್ಪಿನ ಕಟ್ಟಿಗೆ ಕೈಹಾಕಿದರು. ನಾನು ಓಡಿಹೋಗಿ ಕಿತ್ತುಕೊಂಡೆ. "ಛೇ ಛೇ, ನೀವ್ಯಾಕ್ ಮಾಡ್ತೀರಿ ಅವ್ವಾರ? ಆರಾಮ ಕೂಡ್ರಿ" ಎಂದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು.

ಇನ್ನೊಂದು ಹಟವೂ ಇತ್ತು. ಇಂಥದೇ ಬೇರೊಂದು ಜಾಗವನ್ನು ನೋಡಲು ಹೋದಾಗ, ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ ಒಬ್ಬ ಹಿರಿಯರ ಬಾಯಿಗೆ ಚಮಚೆ ತುರುಕುವುದನ್ನು ಕಂಡಿದ್ದೆ. ಹಾಗಾಗಿ ನಮ್ಮ ಹಾಲ್‌ನ ಗೋಡೆಗೆ, ಬೋರ್ಡಿನ ಮೇಲೆ ಬರೆದು ಪಳಗಿದ ನನ್ನ ದುಂಡು ಅಕ್ಷರದಲ್ಲಿ ಒಂದು ನಿಯಮ ಬರೆದು ಅಂಟಿಸಿದ್ದೆ. 'ಒಮ್ಮೆ ಕೇಳಿ. ಬೇಡವೆಂದರೆ ಒತ್ತಾಯ ಬೇಡ. ಅವರ ಮಾತಿಗೆ ಬೆಲೆ ಕೊಡಿ.' ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದೆ.

ಆ ಮೊದಲ ದಿನವೇ ಊಟದ ಹೊತ್ತಿಗೆ ಅಜ್ಜಿಯನ್ನು ಕೇಳಿದೆ. "ಆಗೇದ್ರಿ ಅಕ್ಕಾರ" ಎಂದರು. ಊರಲ್ಲಿ ಟೀಚರನ್ನು ಕರೆಯುವ ಹಾಗೆಯೇ ಅವರು ನನ್ನನ್ನು ಅಕ್ಕಾರು ಎನ್ನುತ್ತಿದ್ದರು. ಬೆಳಿಗ್ಗೆಯೇ ರೊಟ್ಟಿ ಉಂಡು ಹೊರಡುವುದು ಧಾರವಾಡ, ವಿಜಯಪುರದ ನಮ್ಮ ಕಡೆ ಇದ್ದದ್ದೇ. ಸರಿ ಎಂದು ದಿನದ ದಾಖಲೆಯ ಪುಸ್ತಕದಲ್ಲಿ 'ಊಟ ಮಾಡಿ ಬಂದಿದ್ದಾರೆ' ಎಂದು ಬರೆದು ಮುಂದಿನವರ ಬಳಿ ಹೋದೆ. ಎರಡನೆಯ ದಿನವೂ ಅದೇ. "ಒಂದು ಲೋಟ ಮಜ್ಜಿಗೆ ಕುಡಿದದ್ದು ಅಷ್ಟೇ ಅವ್ರು. ನನ್ನ ಅಡಿಗೆ ಹಿಡಿಸುದಿಲ್ಲ ಕಾಣ್ತದೆ" ಎಂದು ಅಡಿಗೆಯವರು ಮುಖ ಸಪ್ಪಗೆ ಮಾಡಿದರು. ಹೌದಲ್ಲ, ಕುಚ್ಚಲಕ್ಕಿ ಅನ್ನ ಇವರಿಗೆ ಎಲ್ಲಿ ಇಳಿಯಬೇಕು ಎಂದುಕೊಂಡು ಮೂರನೆಯ ದಿನ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿಸಿದೆ. ಅಜ್ಜಿ ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. "ಆಗೇದ್ರಿ" ಎಂದರು. ನಾನು ಪುಸ್ತಕದಲ್ಲಿ ಬರೆದೆ.

ನಾಲ್ಕನೆಯ ದಿನ, ಗುರುವಾರ, ಮೂರು ಗಂಟೆಯ ಹೊತ್ತಿಗೆ ಅಜ್ಜಿಯ ಕೈ ನಡುಗುತ್ತಿರುವುದು ಕಂಡಿತು. ಹಣೆಯ ತುಂಬ ಬೆವರು. ಏನಾಯಿತೆಂದು ಕೇಳಿದರೆ ಮಾತು ತೊದಲುತ್ತಿತ್ತು. ಆಮೇಲೆ ಕುರ್ಚಿಯಲ್ಲೇ ಒಂದು ಪಕ್ಕಕ್ಕೆ ವಾಲಿದರು. ನಾನು ಕಿರುಚಿದೆ ಎಂದು ಉಳಿದವರು ಆಮೇಲೆ ಹೇಳಿದರು, ನನಗೆ ನೆನಪಿಲ್ಲ. ಎದುರಿನ ದವಾಖಾನೆಯ ಡಾಕ್ಟರು ಓಡಿಬಂದು ನೋಡಿ ಸಕ್ಕರೆ ನೀರು ಕುಡಿಸಿದರು. "ಶುಗರ್ ಗುಳಿಗಿ ತಗೊಂಡಾರ, ಹೊಟ್ಟ್ಯಾಗ ಏನೂ ಇಲ್ಲ. ಊಟಾ ಹಾಕಿಲ್ಲೇನ್ರಿ ಇವರಿಗೆ?" ಎಂದು ನನ್ನನ್ನೇ ಕೇಳಿದರು.

ಸೊಸೆಗೆ ಫೋನ್ ಮಾಡಿದೆ. ಸಾಂತಾಕ್ರೂಜಿನಿಂದ ಬಂದು ವಡಾಲದಲ್ಲಿ ಗಾಡಿ ಬದಲಿಸಿ ಚೆಂಬೂರು ತಲುಪುವುದೆಂದರೆ ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಷ್ಟು ಹೊತ್ತೂ ಅಜ್ಜಿಯ ಕೈ ಹಿಡಿದು ಕೂತಿದ್ದೆ. ಅವರು ಆಗಲೇ ಚೇತರಿಸಿಕೊಂಡು, "ನಿಮಗ ತ್ರಾಸ ಆತು" ಎನ್ನುತ್ತಿದ್ದರು.

ಸೊಸೆ ಬಂದವಳೇ ಪುಸ್ತಕ ತೆಗೆದುಕೊಂಡಳು. ಕನ್ನಡ ಓದಲು ಅವಳಿಗೆ ಸರಾಗವಾಗಿ ಬರುವುದಿಲ್ಲ. "ಇಲ್ಲಿ ಏನ್ ಬರ್ದೀರಿ ಮ್ಯಾಡಂ?"

"ಊಟ ಮಾಡಿ ಬಂದಾರ ಅಂತ."

"ಹಂಗ್ ಯಾರ್ ಹೇಳಿದ್ರು?"

"ಅವರ ಹೇಳಿದ್ರು."

"ಔರ್ ಆಪ್ ಮಾನ್ ಗಯೇ? ನಂಬೇ ಬಿಟ್ರಿ?" ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಅತ್ತೆಯ ಚಪ್ಪಲಿಯನ್ನು ಸರಿಯಾಗಿ ತಿರುಗಿಸಿಟ್ಟು, ಕಾಲಿಗೆ ಹಾಕಿ, ಕರೆದುಕೊಂಡು ಹೋದಳು.

ಮರುದಿನ ಹತ್ತು ಜೊತೆ. ಶನಿವಾರವೂ ಹತ್ತೇ. ಸೆಕ್ರೆಟರಿ ಬಂದು, ಈ ಸಲ ಬಿಟ್ಟಿದ್ದೇನೆ, ಇನ್ನೊಂದು ಸಲ ಹೀಗಾದರೆ ಹಾಲ್‌ನ ಕೀಲಿಕೈ ವಾಪಸ್ ಕೊಟ್ಟುಬಿಡಿ ಎಂದರು. ಅವರ ಮಾತು ಅರ್ಧ ಮಾತ್ರ ಕೇಳಿಸುತ್ತಿತ್ತು. ಮೂರನೆಯ ಮಹಡಿಯ ಬೀಗವೇ ಕಣ್ಣಿಗೆ ಕಟ್ಟಿತ್ತು. ಯಾರನ್ನು ಹೊರಗೆ ತರಲೆಂದು ಇಷ್ಟೆಲ್ಲ ಹಚ್ಚಿಕೊಂಡೆನೋ ಅವರನ್ನೇ ನಾನು ವಾಪಸ್ ಒಳಗೆ ಕಳಿಸಿದ್ದೆ.

ಸೋಮವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಹಾಲ್ ಅನ್ನು ಅಡಿಗೆಯವರ ಸುಪರ್ದಿಗೆ ಬಿಟ್ಟು, ನಾನು ಊಟವನ್ನೂ ಮಾಡದೆ ಮೂರು ಮಹಡಿ ಹತ್ತಿದೆ. ಬೀಗ ಇತ್ತು. ಬೆಲ್ ಒತ್ತಿದೆ. ಅಜ್ಜಿ ಗೋಡೆ ಹಿಡಿದು ಬಂದು ಜಾಳಿಯ ಆಚೆ ನಿಂತರು.

"ಅಕ್ಕಾರ! ಬರ್ರಿ ಬರ್ರಿ" ಎಂದವರು ಬೀಗದತ್ತ ನೋಡಿದರು. "ಒಳಗ ಕರೀಲಾಕ ಕೀಲಿಕೈ ನನ್ನ ಕಡೆ ಇಲ್ರಿ."

ನಾನು ಮೆಟ್ಟಿಲ ಮೇಲೆ ಕೂತೆ. ಅವರು ಒಳಗಿನಿಂದ ಒಂದು ಮಣೆ ಎಳೆದುಕೊಂಡು ಬಂದು ಕೂತರು. ಹೇಗಿದ್ದೀರಿ ಎಂದು ಕೇಳಿದೆ, ಆರಾಮ ಎಂದರು. ತಪ್ಪಾಯಿತು ಎಂದೆ. ಅವರು ಎದ್ದು ಹೋಗಿ, ಸೊಸೆ ಮುಚ್ಚಿಟ್ಟು ಹೋಗಿದ್ದ ತಟ್ಟೆ ತಂದರು. ಎರಡು ಚಪಾತಿ ಇದ್ದವು. ಒಂದನ್ನು ಮಡಚಿ, ಒಳಗೆ ಶೇಂಗಾ ಚಟ್ನಿ ಇಟ್ಟು, ಜಾಳಿಯ ಸಂದಿನಿಂದ ನನ್ನತ್ತ ಚಾಚಿದರು. "ತಗೋರಿ, ಊಟದ ಹೊತ್ತಾತು."

"ಬ್ಯಾಡ್ರಿ ಅವ್ವಾರ, ನಂದಾಗೇದ" ಎಂದೆ.

"ಹಂಗಂದ್ರ ಹ್ಯಾಂಗ್ರಿ? ಒಂದ ಒಂದು ತಗೋರಿ."

"ಖರೇನ ಆಗೇದ್ರಿ. ನೀವು ಊಟಾ ಮಾಡ್ರಿ."

"ನನ್ನ ಮನಿಗೆ ಬಂದು ಹಂಗ ಹೊಂಟ್ರ ಚಂದ ಏನ್ರಿ? ಹಿಡೀರಿ."

ಕೈ ತಾನಾಗಿಯೇ ಮುಂದೆ ಹೋಯಿತು. ಒಂದು ತುತ್ತು ಬಾಯಿಗಿಟ್ಟ ಮೇಲೆ ನನಗೆ ಹೊಳೆಯಿತು. ನನ್ನ ಊಟ ಆಗಿರಲಿಲ್ಲ. ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಎರಡು ಸಲ ಸುಳ್ಳು ಹೇಳಿದ್ದೆ, ಮೂರನೆಯ ಸಲಕ್ಕೆ ಕಾದಿದ್ದೆ. ಧಾರವಾಡದಲ್ಲಿ ನನ್ನವ್ವ ನಮ್ಮನ್ನು ಯಾರ ಮನೆಗಾದರೂ ಕರೆದೊಯ್ಯುವ ಮೊದಲು ಕಣ್ಣು ಬಿಟ್ಟು ಹೇಳುತ್ತಿದ್ದಳು: ಒಮ್ಮೆ ಕೇಳಿದ್ದಕ್ಕೇ ಹೂಂ ಅಂದರೆ ಮನೆಗೆ ಬಂದ ಮೇಲೆ ಐತಿ ನಿಮಗೆ. ಮೂರು ಸಲ ಕೇಳಿದ ಮೇಲೆಯೇ ತಟ್ಟೆ ಮುಟ್ಟಬೇಕು. ಎಂಟು ವರ್ಷದವಳಿದ್ದಾಗಲೇ ಕಲಿತದ್ದನ್ನು ಅರವತ್ತರಲ್ಲಿ ಗೋಡೆಗೆ ನಿಯಮ ಅಂಟಿಸುವಾಗ ಮರೆತಿದ್ದೆ. ಬೆಲ್ಲ ನೀರು ಕೊಟ್ಟು, ಕುರ್ಚಿ ಕೊಟ್ಟು, ಸೊಪ್ಪು ಸೋಸಲೂ ಬಿಡದೆ ಅವರನ್ನು ನೆಂಟರನ್ನಾಗಿ ಮಾಡಿದ್ದೆ. ಊಟಕ್ಕೆ ಮಾತ್ರ ಒಮ್ಮೆ ಕೇಳಿ ಬೆನ್ನು ತಿರುಗಿಸಿದ್ದೆ. ನಾಚಿಕೆಯಿಂದ ಅಲ್ಲೇ ಅತ್ತುಬಿಟ್ಟೆ. "ಖಾರ ಆತೇನ್ರಿ?" ಎಂದು ಅಜ್ಜಿ ನೀರು ತರಲು ಎದ್ದರು.

ಅಂದು ಸಂಜೆ ಚೆಂಬೂರು ಸ್ಟೇಶನ್ನಿಗೆ ಹೋಗಿ ಸೊಸೆಗಾಗಿ ಕಾದೆ. ಗಾಡಿಯಿಂದ ಇಳಿದವಳು ನನ್ನನ್ನು ಕಂಡು ಹೆದರಿದಳು. "ನಮ್ಮ ಅತ್ತಿಯವರಿಗೆ ಏನಾರ ಆತಾ?" ಏನೂ ಆಗಿಲ್ಲವೆಂದು ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಸಮರ್ಥನೆ ಮಾಡಿಕೊಳ್ಳಲಿಲ್ಲ, ತಪ್ಪು ನನ್ನದೇ ಎಂದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಟಿಫಿನ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಳಿಗಳನ್ನೇ ನೋಡುತ್ತ ಕೂತಳು. ಎರಡು ಗಾಡಿ ಬಂದು ಹೋದವು.

"ರಾತ್ರಿ ಊಟಕ್ಕ ನಾ ಒಮ್ಮೆನೇ ಕೇಳೋದು ಮ್ಯಾಡಂ" ಎಂದಳು ಕೊನೆಗೆ. "ಅತ್ತಿ ಬಸ್ ಅಂತಾರ. ಭೂಕ್ ನಹೀ ಹೋಗಾ, ಹಸಿವಿಲ್ಲ ಅಂದ್ಕೊಂಡು ಡಬ್ಬಿ ಮುಚ್ಚಿ ಫ್ರಿಜ್‌ನಾಗ ಇಡ್ತೀನಿ." ಬೆರಳು ಮಡಚಿ ಎಣಿಸಿ, "ಲಗ್ನ ಆಗಿ ಎಂಟ್ ಸಾಲ್ ಆತು" ಎಂದಳು.

ಅಜ್ಜಿ ಮಗನ ಮನೆಯಲ್ಲೂ ನೆಂಟರಾಗಿಯೇ ಇದ್ದರು ಎಂಬುದು ನನಗೆ ಹೊಳೆದಿರಲಿಲ್ಲ. ಬಾಯಿಂದ ಬಂದದ್ದು ಇಷ್ಟೇ: ಕಳಿಸು ಅವರನ್ನ. ಅವಳು ಟಿಫಿನ್ ಚೀಲ ಹೆಗಲಿಗೇರಿಸಿ ಮನೆಯತ್ತ ಹೊರಟಳು. ಎರಡು ದಿನ ನಾನು ಫೋನ್ ಕೈಯಲ್ಲೇ ಹಿಡಿದು ಕಳೆದೆ.

ಗುರುವಾರ ಬೆಳಿಗ್ಗೆ ಎಣಿಸಿದರೆ ಹನ್ನೆರಡು ಜೊತೆ. ನನ್ನದು ಸೇರಿತೇನೋ ಎಂದು ಮತ್ತೆ ಎಣಿಸಿದೆ. ಹನ್ನೆರಡೇ. ಒಳಗೆ ಅಜ್ಜಿಯ ಪಕ್ಕದಲ್ಲಿ ರಜೆ ಹಾಕಿದ ಸೊಸೆ ಕೂತಿದ್ದಳು. ಇಬ್ಬರ ನಡುವೆ ಮೆಂತೆ ಸೊಪ್ಪು ಹರಡಿತ್ತು. ಗೋಡೆಯ ಕಾಗದವನ್ನು ನಾನು ಹಿಂದಿನ ದಿನವೇ ಕಿತ್ತಿದ್ದೆ, ಅಂಟಿನ ಕಲೆ ಮಾತ್ರ ಇನ್ನೂ ಉಳಿದಿತ್ತು.

ಊಟದ ಹೊತ್ತಿಗೆ ರೊಟ್ಟಿಯ ಬುಟ್ಟಿ ಹಿಡಿದು ಸೊಸೆಯೇ ಎದ್ದಳು. ಅತ್ತೆಯ ಮುಂದೆ ನಿಂತು ಕೇಳಿದಳು.

"ಬ್ಯಾಡವಾ, ಆಗೇದ."

ಡಾಕ್ಟರು ಹೇಳಿದ್ದು, ಸೆಕ್ರೆಟರಿ ಹೇಳಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ತಪ್ಪು ತಿಳಿದಿದ್ದರೆ? ಮೂರನೆಯ ಸಲವೂ ಬೇಡವೆಂದರೆ? ಸೊಸೆ ನನ್ನತ್ತ ನೋಡಿದಳು. ನಾನು ಮನಸ್ಸಿನಲ್ಲೇ ಒಂದು ಎಂದು ಎಣಿಸಿದೆ.

"ಒಂದ್ ತಗೋರಿ ಅತ್ತಿ."

"ಹೊಟ್ಟಿ ತುಂಬೇದವಾ."

ಎರಡು.

"ಅತ್ತಿ, ನಾ ಹಾಕ್ಲಿಕತ್ತೀನಿ. ನನ್ನ ಕೈಯಿಂದ ತಗೊಳೂದಿಲ್ಲೇನ್ರಿ?"

ಅಜ್ಜಿ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. "ಅರ್ಧಾ ಹಾಕು" ಎಂದರು. ಸೊಸೆ ಇಡೀ ರೊಟ್ಟಿ ಹಾಕಿ, ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟು, ಮುಖ ಆಚೆ ತಿರುಗಿಸಿ ನಿಂತಳು. ಅಜ್ಜಿ ತಲೆಯೆತ್ತದೆ ಅಷ್ಟನ್ನೂ ಉಂಡರು. ಆಮೇಲೆ ಯಾರೂ ಕೇಳದೆಯೇ ಕೈ ಚಾಚಿ, ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದುಕೊಂಡರು.